ಬ್ರೇಕ್ ಮೇಷ್ಟ್ರ ಬಲಗಾಲು

ನನ್ನ ಗಂಡನ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಅವರ ಬಲಗಾಲು. ತಲೆಯೂ ಅಷ್ಟೇ ದುಡಿದಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತರೆ ಇವರು ಪಕ್ಕದ ಸೀಟಿನಲ್ಲಿ. ಆ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಹತ್ತಿರವೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಗೋಡೆಗೋ ನಾಯಿಗೋ ಗುರಿಯಿಟ್ಟಾಗ ಮೇಷ್ಟ್ರು ಅದನ್ನು ತುಳಿದು ಎಲ್ಲರ ಪ್ರಾಣ ಉಳಿಸಬೇಕು. ನಮ್ಮ ಮದುವೆಗೆ ಮುಂಚಿನಿಂದಲೂ ಇವರದು ಇದೇ ಕೆಲಸ. ಊರಿನ ಅರ್ಧ ಜನ ಇವರ ಹತ್ತಿರ ಕಾರು ಕಲಿತವರು, ಇನ್ನರ್ಧ ಜನ ಇವರ ಕಾಲಿನ ದಯೆಯಿಂದ ಬದುಕಿ ಉಳಿದವರು. ಎಲ್ಲರ ಬಾಯಲ್ಲೂ ಇವರು ಬ್ರೇಕ್ ಮೇಷ್ಟ್ರು.

ಆದರೆ ಕಾರು ಯಾವುದು, ಮನೆ ಯಾವುದು ಎನ್ನುವುದು ಆ ಕಾಲಿಗೆ ಮರೆತೇಹೋಗಿತ್ತು. ನಾನು ಬಗ್ಗಿಸುವ ಚಹಾ ಲೋಟದ ಅಂಚಿಗೆ ಬಂದರೆ ಮೇಜಿನ ಕೆಳಗೆ ದಡ್ ಎಂದು ನೆಲ ತುಳಿಯುತ್ತಿತ್ತು. ಅತ್ತೆ ಕುರ್ಚಿಯಿಂದ ಏಳುವಾಗ ಸ್ವಲ್ಪ ವಾಲಿದರೆ ದಡ್. ಟಿವಿಯಲ್ಲಿ ಯಾರೋ ಮೆಟ್ಟಿಲಿಳಿದರೂ ದಡ್. ಹಾಸಿಗೆಯಲ್ಲಿ ಯಾವ ಕನಸಿನ ಲಾರಿ ಎದುರಿಗೆ ಬರುತ್ತಿತ್ತೋ, ಒದೆ ಬೀಳುತ್ತಿದ್ದದ್ದು ಮಾತ್ರ ನನಗೆ. ಊಟದ ಮೇಜಿನ ಕೆಳಗೆ ಅವರ ಕುರ್ಚಿಯ ಮುಂದೆ ನೆಲದ ಬಣ್ಣ ಸವೆದು ಪಾದದಗಲ ಬೋಳಾಗಿತ್ತು. ಕಾಲಿಗೆ ತಕ್ಕ ಬಾಯಿ ಬೇರೆ. "ನಿಧಾನ, ನಿಧಾನ! ಕನ್ನಡಿ ನೋಡು! ಮುಂದೆ ನೋಡು!" ನಾನು ಈರುಳ್ಳಿ ಹೆಚ್ಚುವಾಗಲೂ ಇದೇ ಪಾಠ. ಈರುಳ್ಳಿ ಹೆಚ್ಚುವವಳು ಯಾವ ಕನ್ನಡಿ ನೋಡಬೇಕು, ನೀವೇ ಹೇಳಿ.

ಮದುವೆಯ ಹೊಸದರಲ್ಲಿ ನನಗೂ ಕಾರು ಕಲಿಸಿ ಎಂದು ಕೇಳಿದ್ದೆ. ದೊಡ್ಡ ಮನಸ್ಸು ಮಾಡಿ ಕೂರಿಸಿಕೊಂಡರು. ನಮ್ಮ ಬೀದಿಯ ತುದಿಯ ತಿರುವಿನಲ್ಲೇ ಅವರು ಬ್ರೇಕ್ ತುಳಿದ ರಭಸಕ್ಕೆ ನನ್ನ ಹಣೆ ಸ್ಟೀರಿಂಗಿಗೆ ಬಡಿಯಿತು. "ನಿನ್ನ ಕೈಲಿ ಆಗಲ್ಲ ಬಿಡು" ಅಂದರು. ನಾನು ಬಾಗಿಲು ತೆಗೆದು ಇಳಿದು, ಹಣೆ ಉಜ್ಜಿಕೊಳ್ಳುತ್ತಾ ಮನೆಗೆ ನಡೆದುಬಂದೆ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಬರಲಿಲ್ಲ ಎಂದರೆ ನಾನು ಮರೆತೆ ಎಂದು ಯಾರೂ ತಿಳಿಯಬೇಡಿ.

ಹೀಗಿರುವಾಗ ಅವರ ಮೇಷ್ಟ್ರುಗಿರಿಯ ಲೈಸೆನ್ಸು ಹೊಸದು ಮಾಡಿಸುವ ಕಾಲ ಬಂತು. ಅದಕ್ಕೆ ಡಾಕ್ಟರು ಪರೀಕ್ಷೆ ಮಾಡಿ, ಈ ಮನುಷ್ಯ ಆರೋಗ್ಯವಾಗಿದ್ದಾನೆ ಎಂದು ಸರ್ಟಿಫಿಕೇಟು ಕೊಡಬೇಕು. ಊರಿನ ಆ ತುದಿಯಲ್ಲಿರುವ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆಯೂ ಇವರ ಶಿಷ್ಯೆಯೇ. ಕಲಿಯುವಾಗ ಒಂದು ಹೂಕುಂಡ ಬಿಡದೆ ಎಲ್ಲವನ್ನೂ ಉರುಳಿಸಿದ ಹುಡುಗಿ, ಈಗ ಕನ್ನಡಕ ಹಾಕಿಕೊಂಡು ಗಂಭೀರವಾಗಿ ಇವರ ತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ಒತ್ತಿ, ಮುಳ್ಳು ನೋಡಿ, ಮತ್ತೊಮ್ಮೆ ಒತ್ತಿದಳು.

"ಸರ್, ಬಿಪಿ ತುಂಬಾ ಜಾಸ್ತಿ ಇದೆ. ಈ ಬಲಗಾಲಿನ ಮೀನಖಂಡ ಮುಟ್ಟಿ ನೋಡಿ, ಕಲ್ಲಾಗಿದೆ. ಹಲ್ಲು ಯಾಕೆ ಹಾಗೆ ಕಚ್ಕೊಂಡಿದೀರಿ?"

"ನೀವು ಗಾಡಿ ಕಲಿಯೋವಾಗ ಕಚ್ಕೊಂಡಿದ್ದು ಡಾಕ್ಟರಮ್ಮ. ಇನ್ನೂ ಬಿಟ್ಟಿಲ್ಲ."

ಡಾಕ್ಟರಮ್ಮ ನಕ್ಕಳು, ಆದರೆ ಸಹಿ ಹಾಕಲಿಲ್ಲ. "ಮಾತ್ರೆ ಬರೆದುಕೊಡ್ತೀನಿ, ತಪ್ಪದೆ ತಗೊಳ್ಳಿ. ಆದ್ರೆ ಮಾತ್ರೆ ಒಂದೇ ಸಾಲದು. ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ. ಬೈಬೇಕು ಅನ್ನಿಸಿದಾಗ ಮೊದಲು ಒಂದು ಉದ್ದ ಉಸಿರು ಎಳೆದು ಮೆಲ್ಲಗೆ ಬಿಡಿ. ಮನೆಗೆ ಹೋದ್ಮೇಲೆ ಆ ಕಾಲಿಗೆ ರಜಾ ಕೊಡಿ. ಬಿಪಿ ಇಳಿದ್ರೆ ಸಹಿ, ಇಲ್ಲಾಂದ್ರೆ ಇಲ್ಲ. ನೀವೇ ಅಲ್ವಾ ನಂಗೆ ಹೇಳಿಕೊಟ್ಟಿದ್ದು, ಸರಿಯಾಗಿ ಬರೋವರೆಗೂ ಲೈಸೆನ್ಸ್ ಕೊಡಿಸಲ್ಲ ಅಂತ?"

ಆಮೇಲೆ ನನ್ನ ಕಡೆ ತಿರುಗಿ, "ನೀವೂ ಇವರ ಕಾವಲು ಕಾಯ್ತಾ ಕೂರಬೇಡಿ ಆಂಟಿ. ಏನಾದ್ರೂ ಹೊಸದು ಕಲೀರಿ. ಇಲ್ಲಾಂದ್ರೆ ಮುಂದಿನ ಸಲ ನಿಮ್ಮ ಕೈಗೂ ಪಟ್ಟಿ ಸುತ್ತಬೇಕಾಗುತ್ತೆ" ಎಂದಳು.

ಸ್ಕೂಲಿನ ಮಾಲೀಕರಿಗೆ ವಿಷಯ ತಿಳಿದು, ಮುಂದಿನ ತಿಂಗಳ ಕೊನೆಯೊಳಗೆ ಸರ್ಟಿಫಿಕೇಟು ಬರದಿದ್ದರೆ ಆ ಸೀಟಿನಲ್ಲಿ ತಮ್ಮ ಭಾವಮೈದುನನನ್ನು ಕೂರಿಸುತ್ತೇನೆ ಎಂದುಬಿಟ್ಟರು. ಭಾವಮೈದುನ ಆಗಲೇ ಹೊಸ ಕೂಲಿಂಗ್ ಗ್ಲಾಸು ಕೊಂಡಿದ್ದನಂತೆ. ಆ ಸಂಜೆ ನಮ್ಮವರು ಮೆಟ್ಟಿಲ ಮೇಲೆ ಕೂತು ಮುಖ ಸಣ್ಣಗೆ ಮಾಡಿಕೊಂಡಿದ್ದರು. "ಆ ಸೀಟು ಹೋದ್ರೆ ನಾನು ಯಾರು ಹೇಳು? ಬರೀ ಬಲಗಾಲಿರೋ ಒಬ್ಬ ಮುದುಕ" ಎಂದರು. ಎಷ್ಟು ಬೈಯುವ ಮನುಷ್ಯನಾದರೂ ಹಾಗೆ ಕೂತಾಗ ನೋಡಲಾಗುವುದಿಲ್ಲ. ಸರಿ, ಈ ಕಾಲನ್ನು ಒಂದು ಕೈ ನೋಡಿಯೇಬಿಡೋಣ ಎಂದು ಸೆರಗು ಬಿಗಿದೆ.

ಪಕ್ಕದ ಮನೆಯ ಕೂಸಿನ ಹತ್ತಿರ ರಬ್ಬರಿನ ಬಾತುಕೋಳಿಯಿತ್ತು. ಒತ್ತಿದರೆ ಕೀಂವ್ ಎನ್ನುತ್ತದೆ. ಕೂಸಿಗೆ ಎರಡು ಬಿಸ್ಕೆಟ್ ಕೊಟ್ಟು ಅದನ್ನು ತಂದು, ಊಟದ ಮೇಜಿನ ಕೆಳಗೆ ಆ ಬೋಳಾದ ಜಾಗದಲ್ಲೇ ಕೂರಿಸಿದೆ. ತುಳಿದದ್ದು ಅವರಿಗೇ ತಿಳಿಯಬೇಕು, ಅಷ್ಟೇ ನನ್ನ ಉಪಾಯ. ಮೊದಲ ದಿನದ ಊಟ ನೋಡಬೇಕಿತ್ತು. ಸಾರು ಬಡಿಸಿದರೆ ಕೀಂವ್. ಚಮಚ ಜಾರಿದರೆ ಕೀಂವ್. ಉಪ್ಪಿಲ್ಲದ ಪಲ್ಯ ಬಾಯಿಗಿಟ್ಟಾಗ ಕೀಂವ್ ಕೀಂವ್ ಕೀಂವ್.

ಅತ್ತೆಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ತಟ್ಟೆಯಿಂದ ಕೈ ತೆಗೆದು, "ಮನೇಲಿ ಇಲಿ ಸೇರ್ಕೊಂಡಿದೆ" ಎಂದರು.

"ಇಲಿ ಅಲ್ಲಮ್ಮ, ನಾನು" ಎಂದರು ಇವರು.

"ನೀನ್ಯಾಕೋ ಹಾಗೆ ಕಿರುಚ್ತೀಯ? ಊಟಕ್ಕೆ ಉಪ್ಪಿಲ್ಲ ಅಂದ್ರೆ ಬಾಯಿ ಬಿಟ್ಟು ಹೇಳು."

ಎಷ್ಟು ವಿವರಿಸಿದರೂ ಅತ್ತೆ ಒಪ್ಪಲಿಲ್ಲ. ಮಾರನೆಯ ದಿನ ಹಾಲಿನವನಿಗೆ ಹೇಳಿ ಒಂದು ಇಲಿಬೋನು ತರಿಸಿ ಬಾತುಕೋಳಿಯ ಪಕ್ಕದಲ್ಲೇ ಇಡಿಸಿದರು. ಅದರಿಂದ ಒಂದು ಉಪಕಾರವಾಯಿತು. ಅಡ್ಡಾದಿಡ್ಡಿ ತುಳಿದರೆ ಹೆಬ್ಬೆರಳು ಬೋನಿಗೆ ಸಿಗುವ ಭಯಕ್ಕೆ ಇವರ ಕಾಲು ತುಳಿಯುವ ಮುಂಚೆ ಯೋಚಿಸತೊಡಗಿತು. ಜೊತೆಗೆ ಉಸಿರಿನ ಅಭ್ಯಾಸ. ಬೈಗುಳ ನಾಲಿಗೆಯ ತುದಿಗೆ ಬಂದಾಗ ಕಣ್ಣು ಮುಚ್ಚಿ ಮೂಗರಳಿಸಿ ಗಾಳಿ ಎಳೆದು, ಸೈಕಲ್ ಟ್ಯೂಬಿನ ಹಾಗೆ ಸುಯ್ಯೆಂದು ಬಿಡುತ್ತಿದ್ದರು. ದಿನ ಕಳೆದಂತೆ ಮೇಜಿನ ಕೆಳಗೆ ಕೀಂವ್ ಅಪರೂಪವಾಯಿತು. ನನ್ನ ಹಾಸಿಗೆಯಲ್ಲಿ ಲಾರಿ ಬರುವುದೂ ನಿಂತಿತು. ಅತ್ತೆ ಮಾತ್ರ ಇಲಿ ಸತ್ತಿತು ಎಂದು ಸಮಾಧಾನಪಟ್ಟರು.

ನನಗೋ ಹೆಮ್ಮೆಯೋ ಹೆಮ್ಮೆ. ಆ ಹೆಮ್ಮೆ ಇಳಿಸಿದ್ದು ಒಬ್ಬ ಟೈಲರಮ್ಮ.

ಆಕೆ ಇವರ ಹತ್ತಿರ ಕಲಿಯುತ್ತಿದ್ದಳು. ಜೀವನವೆಲ್ಲ ಹೊಲಿಗೆ ಮೆಷಿನ್ ತುಳಿದ ಕಾಲು, ಆಕ್ಸಿಲರೇಟರನ್ನೂ ಹಾಗೇ ತುಳಿಯುತ್ತಿತ್ತು. ಉದ್ದ ಬೀದಿ ಕಂಡರೆ ಉದ್ದ ಹೊಲಿಗೆ ಸಿಕ್ಕ ಸಂಭ್ರಮ, ಒಂದೇ ಸಮನೆ ಟರ್ರೆಂದು ಬಿಡುತ್ತಿದ್ದಳು. ಆವತ್ತು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹಾಗೇ ಬಿಟ್ಟಳು. ಮುಂದೆ ಹಾಸಿಗೆ ಅಂಗಡಿ. ಅಂಗಡಿಯವನು ಹಾಸಿಗೆಗಳನ್ನು ಹೊರಗೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದ. ನಮ್ಮವರಿಗೆ ಬೈಗುಳ ಉಕ್ಕಿ ಬಂತು. ಕಲಿತ ಪಾಠದಂತೆ ಕಣ್ಣು ಮುಚ್ಚಿದರು, ಉದ್ದ ಉಸಿರು ಎಳೆದರು, ಕಾಲನ್ನು ಹೂವಿನಂತೆ ಸಡಿಲ ಬಿಟ್ಟರು. ಸುಯ್ಯೆಂದು ಉಸಿರು ಬಿಟ್ಟು ಕಣ್ಣು ತೆರೆದಾಗ ಕಾರಿನ ಮೂತಿ ಹಾಸಿಗೆಗಳ ನಡುವೆ ಹಾಯಾಗಿ ಮಲಗಿತ್ತು.

ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಹಾಸಿಗೆಗಳಿಗೂ ಏನಾಗಲಿಲ್ಲ. ಆದರೆ ಮಾಲೀಕರು ಬಂದು ಬೀದಿಯಲ್ಲೇ ಹಾರಾಡಿದರು. "ಏನ್ರೀ ಮೇಷ್ಟ್ರೇ, ಬ್ರೇಕ್ ಇರೋದು ಯಾಕ್ರೀ?"

"ಉಸಿರು ಬಿಡ್ತಾ ಇದ್ದೆ ಸರ್."

"ಇನ್ನೊಂದ್ಸಲ ಹೀಗಾದ್ರೆ ಕೆಲಸಾನೂ ಬಿಡ್ತೀರಿ!"

ಮನೆಗೆ ಬಂದವರೇ ಬಾತುಕೋಳಿಯನ್ನು ಎತ್ತಿ ಕಿಟಕಿಯಿಂದಾಚೆ ಎಸೆದರು. ಅದು ಪಕ್ಕದ ಮನೆಯ ಅಂಗಳದಲ್ಲಿ ಕೀಂವ್ ಎಂದಿತು. "ಸಾಕು ನಿನ್ನ ಡಾಕ್ಟರಿಕೆ! ಕಾಲು ಸತ್ರೆ ಜನ ಸಾಯ್ತಾರೆ, ಕಾಲು ಬದುಕಿದ್ರೆ ನಾನು ಸಾಯ್ತೀನಿ. ಯಾವುದಾದ್ರೂ ಒಂದು ಆಗಲಿ" ಎಂದು ಕೂಗಿದರು. ಎಷ್ಟೋ ದಿನಗಳ ಮೇಲೆ ಬಲಗಾಲು ನೆಲಕ್ಕೆ ದಡ್ ಎಂದಿತು.

ನಾನೂ ಸುಮ್ಮನಿರುವ ಪೈಕಿಯಲ್ಲ. "ಕಾಲು ಸಾಯೋದೂ ಬೇಡ, ನೀವು ಸಾಯೋದೂ ಬೇಡ. ಕಾಲಿಗೆ ಆಫೀಸ್ ಯಾವುದು ಮನೆ ಯಾವುದು ಅಂತ ಗೊತ್ತಾದ್ರೆ ಸಾಕು" ಎಂದೆ. ಇವರು ಸ್ಕೂಲಿನ ಕಾರನ್ನು ಮನೆಬಾಗಿಲಿಗೇ ತಂದು ನಿಲ್ಲಿಸುತ್ತಿದ್ದರು. ಬ್ರೇಕಿನಿಂದ ಎತ್ತಿದ ಕಾಲನ್ನು ನೇರವಾಗಿ ಊಟದ ಮೇಜಿನ ಕೆಳಗಿಟ್ಟರೆ ಪಾಪ, ಅದಕ್ಕೆ ಹೇಗೆ ತಿಳಿಯಬೇಕು? ಅವತ್ತಿನಿಂದ ಹೊಸ ಕಾನೂನು ಮಾಡಿದೆ. ಕಾರು ಸ್ಕೂಲಿನಲ್ಲೇ ಇರಲಿ. ಪಾಠದ ಹೊತ್ತಿನ ಕಪ್ಪು ಬೂಟು ಕಾರಿನಲ್ಲೇ ಇರಲಿ. ಕೆಲಸ ಮುಗಿದ ಮೇಲೆ ಬೂಟು ಬಿಚ್ಚಿ, ಚಪ್ಪಲಿ ಮೆಟ್ಟಿ, ನಡೆದು ಮನೆಗೆ ಬರಬೇಕು.

"ಬೂಟು ಹಾಕಿದಾಗ ನೀವು ಬ್ರೇಕ್ ಮೇಷ್ಟ್ರು, ಎಷ್ಟು ಬೇಕಾದ್ರೂ ತುಳೀರಿ. ಚಪ್ಪಲಿ ಹಾಕಿದಾಗ ನನ್ನ ಗಂಡ. ಗಂಡನ ಕಾಲಿಗೆ ಈ ಮನೇಲಿ ಬ್ರೇಕ್ ಇಲ್ಲ."

ಗೊಣಗಿದರು, ಆದರೆ ಮಾಡಿದರು. ಮೊದಮೊದಲು ದಾರಿಯಲ್ಲಿ ಕಂಡ ವಾಹನಗಳಿಗೆಲ್ಲ ಬೈದುಕೊಂಡು ಬರುತ್ತಿದ್ದರು. ಆಮೇಲಾಮೇಲೆ ದಾರಿಯ ಸುದ್ದಿ ತರತೊಡಗಿದರು. ಬೇಕರಿಯ ಬೆಕ್ಕು ಮರಿ ಹಾಕಿದೆ, ಗಡಿಯಾರ ರಿಪೇರಿಯವನ ಅಂಗಡಿಯಲ್ಲಿ ಒಂದು ಗಡಿಯಾರವೂ ಸರಿಯಾದ ಟೈಮು ತೋರಿಸುವುದಿಲ್ಲ, ನಮ್ಮ ಬೀದಿಯ ತುದಿಯ ಮರ ಹೂ ಬಿಟ್ಟಿದೆ. ಆ ಮರ ಪ್ರತಿ ವರ್ಷವೂ ಹೂ ಬಿಡುತ್ತದೆ. ಇವರು ಇಷ್ಟು ವರ್ಷ ಅದರ ಪಕ್ಕದ ತಿರುವನ್ನು ಮಾತ್ರ ನೋಡಿದ್ದರು. ಮೈಯಲ್ಲಿ ಏನೋ ಹಗುರವಾಗಿದೆ ಕಣೇ ಎಂದು ಒಮ್ಮೆ ತಾವಾಗಿಯೇ ಹೇಳಿದರು. ಔಷಧಿ ಅಂಗಡಿಯಲ್ಲಿ ನೋಡಿಸಿದರೆ ಬಿಪಿ ಇಳಿದಿತ್ತು, ಕಾರಿನೊಳಗೆ ಕಾಲು ಮತ್ತೆ ಚುರುಕಾಗಿತ್ತು. ಟೈಲರಮ್ಮನೂ ನೆಟ್ಟಗೆ ಓಡಿಸತೊಡಗಿದಳು.

ಇನ್ನೇನು ಗೆದ್ದೆವು ಎಂದುಕೊಂಡು ಡಾಕ್ಟರಮ್ಮನ ಹತ್ತಿರ ಹೊರಟೆವು. ಬಸ್ಸಿನಲ್ಲಿ ಹೋದೆವು, ಅದೇ ತಪ್ಪಾಯಿತು. ಬೇರೆಯವರು ಓಡಿಸುವ ಗಾಡಿಯಲ್ಲಿ ಈ ಮನುಷ್ಯ ಜನ್ಮದಲ್ಲಿ ನೆಮ್ಮದಿಯಾಗಿ ಕೂತವರಲ್ಲ. ಚಪ್ಪಲಿ ಕಾಲಿನಲ್ಲೇ ಡ್ರೈವರನ ಹಿಂದೆ ಕೂತು ಊರುದ್ದಕ್ಕೂ ಬ್ರೇಕ್ ತುಳಿದರು. ಇಳಿಯುವಾಗ ಡ್ರೈವರನೇ ಹಿಂದೆ ತಿರುಗಿ, "ಏನ್ ಸಾರ್, ನಾನು ಓಡಿಸ್ಲಾ, ನೀವು ಓಡಿಸ್ತೀರಾ?" ಎಂದ. ಕ್ಲಿನಿಕ್ಕಿನಲ್ಲಿ ಮುಳ್ಳು ಮತ್ತೆ ಮೇಲೇರಿ ಕೂತಿತ್ತು. ಮುಂದಿನ ಸಲ ತಾವೇ ಸ್ಕೂಲಿನ ಕಾರು ಓಡಿಸಿಕೊಂಡು ಬಂದರು. ಅದು ಇನ್ನೂ ಚೆಂದ. ದಾರಿಯಲ್ಲಿರುವವರೆಲ್ಲ ಇವರ ಶಿಷ್ಯರು ತಾನೇ? ಕಿಟಕಿಯಿಂದ ತಲೆ ಹೊರಹಾಕಿ ಒಬ್ಬೊಬ್ಬರಿಗೂ ಪಾಠ ಹೇಳಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಕ್ಲಿನಿಕ್ಕಿನೊಳಗೆ ಕಾಲಿಟ್ಟರು.

"ಔಷಧಿ ಅಂಗಡೀಲಿ ಇಳಿದಿತ್ತು ಡಾಕ್ಟರಮ್ಮ, ಸತ್ಯವಾಗ್ಲೂ."

"ನಾನು ನೋಡಿದಾಗ ಇಳಿದಿರಬೇಕಲ್ವಾ ಸರ್? ಗುರುವಾರ ಬನ್ನಿ. ಆಮೇಲೆ ನಾನು ಊರಲ್ಲಿರಲ್ಲ, ತಿಂಗಳೂ ಮುಗಿಯುತ್ತೆ." ಡಾಕ್ಟರಮ್ಮನ ದನಿಯಲ್ಲೂ ಬೇಸರವಿತ್ತು.

ಈಗ ನನ್ನ ವಿಷಯ ಹೇಳಬೇಕು. ಏನಾದರೂ ಹೊಸದು ಕಲೀರಿ ಎಂದು ಡಾಕ್ಟರಮ್ಮ ಹೇಳಿದ್ದಳಲ್ಲ, ನಾನು ಕಲಿಯುತ್ತಿದ್ದೆ. ಕಾರು. ಅದೂ ನಮ್ಮವರ ಸ್ಕೂಲಿನ ಎದುರಾಳಿ ಸ್ಕೂಲಿನಲ್ಲಿ. ಅಲ್ಲಿಯ ಮೇಷ್ಟ್ರಮ್ಮ ಎಷ್ಟು ನಿಧಾನಸ್ಥೆ ಎಂದರೆ, ನಾನು ಗೇಟಿಗೆ ಗುದ್ದಿದಾಗಲೂ "ಪರವಾಗಿಲ್ಲ, ಈಗ ಹಿಂದಕ್ಕೆ ತಗೊಳ್ಳಿ" ಎಂದವಳು. ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಸ್ಕಾರ್ಫು ಸುತ್ತಿ, ಅತ್ತೆಯ ಕಪ್ಪು ಕನ್ನಡಕ ಏರಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ಸಿಗ್ನಲ್ಲಿನಲ್ಲಿ ನನ್ನ ಪಕ್ಕಕ್ಕೇ ಇವರ ಕಾರು ಬಂದು ನಿಂತಿತು. ನಾನು ಸ್ಕಾರ್ಫನ್ನು ಮೂಗಿನವರೆಗೆ ಎಳೆದುಕೊಂಡೆ. ಸಾಲು ಒಂದಿಷ್ಟು ಸರಿದು ನಾನು ಕ್ಲಚ್ ಬಿಟ್ಟಾಗ, ಇವರು ಕಿಟಕಿಯಿಂದ ಬಗ್ಗಿ ನನ್ನ ಪಾದಗಳನ್ನೇ ನೋಡಿ, ಮೇಷ್ಟ್ರಮ್ಮನಿಗೆ, "ನಿಮ್ಮ ಸ್ಟೂಡೆಂಟ್ ಕ್ಲಚ್ ಬಿಡೋದು ಬಹಳ ಚೆನ್ನಾಗಿದೆ ಕಣ್ರೀ. ನಮ್ಮವರಿಗೆ ಯಾರಿಗೂ ಹೀಗೆ ಬರಲ್ಲ" ಎಂದರು. ಮದುವೆಯಾದ ಮೇಲೆ ನನ್ನ ಬಗ್ಗೆ ಅವರು ಆಡಿದ ಅತಿ ದೊಡ್ಡ ಹೊಗಳಿಕೆ ಅದು. ಯಾರ ಬಗ್ಗೆ ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ, ಆ ಮಾತು ಬೇರೆ. ನಾನು ಇಡೀ ದಿನ ಒಳಗೊಳಗೇ ನಗುತ್ತಿದ್ದೆ. ಲೈಸೆನ್ಸೂ ಮೊದಲ ಟೆಸ್ಟಿಗೇ ಬಂತು.

ಗುರುವಾರ ಬೆಳಿಗ್ಗೆ, ಅವತ್ತಿನ ಮಟ್ಟಿಗೆ ಮನೆಬಾಗಿಲಿಗೆ ತಂದಿದ್ದ ಸ್ಕೂಲಿನ ಕಾರಿನ ಹತ್ತಿರ ಇವರು ಬೀಗದ ಕೈ ಹಿಡಿದು ನಿಂತಿದ್ದರು. ಬಸ್ಸೋ, ಕಾರೋ, ಎರಡೂ ಒಂದೇ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನಾನು ಕೀಲಿ ಕಿತ್ತುಕೊಂಡು ಸ್ಟೀರಿಂಗಿನ ಹಿಂದೆ ಕೂತು, ಲೈಸೆನ್ಸು ತೋರಿಸಿದೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಯಾರದ್ದು?"

"ಫೋಟೋದಲ್ಲಿರೋಳು ಯಾರು ಕಾಣಿಸ್ತಿಲ್ವಾ?"

"ಯಾರ ಹತ್ರ ಕಲಿತೆ?"

"ನಿಮ್ಮ ಎದುರಾಳಿ ಸ್ಕೂಲಿನ ಮೇಷ್ಟ್ರಮ್ಮನ ಹತ್ರ."

ಮುಖ ಕೆಂಪಗಾಯಿತು. ಬಾಯಿ ತೆರೆದರು. ಆಮೇಲೆ, ಅಬ್ಬಾ, ಕಣ್ಣು ಮುಚ್ಚಿ ಒಂದು ಉದ್ದ ಉಸಿರು ಎಳೆದು ಸುಯ್ಯೆಂದು ಬಿಟ್ಟರು. ಬಿಟ್ಟು ಕಣ್ಣು ತೆರೆದು, "ನನ್ನ ಬೂಟು ಎಲ್ಲಿ?" ಎಂದರು.

"ಡಿಕ್ಕಿಯಲ್ಲಿ. ಇವತ್ತು ಬೂಟು ಬೇಡ. ಚಪ್ಪಲೀಲೇ ಕೂತ್ಕೊಳ್ಳಿ."

ಕೂತರು. ತಮ್ಮದೇ ಸೀಟು, ಕಾಲ ಹತ್ತಿರ ತಮ್ಮದೇ ಬ್ರೇಕು. ನಮ್ಮ ಬೀದಿಯ ತುದಿಯ ತಿರುವು ಬಂದಾಗ ನನ್ನ ಹಣೆ ತಾನಾಗಿಯೇ ಹಿಂದಕ್ಕೆ ಸರಿಯಿತು. ಅವರ ಕಾಲು ಮೇಲೆದ್ದದ್ದು ಕಣ್ಣಂಚಿನಲ್ಲಿ ಕಂಡಿತು. ನಾನು ಗೇರು ಇಳಿಸಿ, ಕನ್ನಡಿ ನೋಡಿ, ಹೂ ಬಿಟ್ಟ ಮರದ ಪಕ್ಕ ಮೆಲ್ಲಗೆ ತಿರುಗಿಸಿದೆ. ಆ ಕಾಲು ಗಾಳಿಯಲ್ಲಿ ಒಂದು ಕ್ಷಣ ನಿಂತು, ಬ್ರೇಕನ್ನು ಮುಟ್ಟದೆ ಕೆಳಗಿಳಿಯಿತು. "ನಿಧಾನ" ಎಂದರು. ಮಾರುಕಟ್ಟೆ ಹತ್ತಿರ "ಎಡಗಡೆ ಸೈಕಲ್ಲು" ಎಂದರು. ಸೇತುವೆಯ ಮೇಲೆ ಏನೂ ಹೇಳಲಿಲ್ಲ. ಕೋಪ ಬಂದಿದೆ ಎಂದುಕೊಂಡು ನಾನೂ ತುಟಿ ಬಿಚ್ಚಲಿಲ್ಲ. ಮುಂದಿನ ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಸಣ್ಣ ಗೊರಕೆ ಕೇಳಿಸಿತು.

ನಾನು ನಂಬಲಿಲ್ಲ. ಓಡುವ ಗಾಡಿಯಲ್ಲಿ ಕಣ್ಣ ರೆಪ್ಪೆ ಮುಚ್ಚದ ಮನುಷ್ಯ ಬಾಯಿ ತೆರೆದು, ತಲೆ ಕಿಟಕಿಗೆ ಒರಗಿಸಿ, ಕೂಸಿನ ಹಾಗೆ ನಿದ್ದೆ ಹೊಡೆಯುತ್ತಿದ್ದರು. ಬಲಗಾಲು ಚಪ್ಪಲಿಯಿಂದ ಅರ್ಧ ಜಾರಿ ಪಕ್ಕಕ್ಕೆ ವಾಲಿತ್ತು. ನನಗೆ ಕಣ್ಣು ತುಂಬಿ ಬಂತು. ಹಿಂದಿನವನು ಹಾರ್ನ್ ಹೊಡೆದ. ಕಣ್ಣೊರೆಸಿಕೊಂಡು ಕ್ಲಚ್ ಎಷ್ಟು ಮೆತ್ತಗೆ ಬಿಟ್ಟೆನೆಂದರೆ ಗೊರಕೆ ಒಂದಿಷ್ಟೂ ಅಲುಗಲಿಲ್ಲ.

ಕ್ಲಿನಿಕ್ಕಿನ ಮುಂದೆ ಎರಡು ಕಾರುಗಳ ನಡುವೆ ಹಿಮ್ಮುಖವಾಗಿ ಗಾಡಿ ನಿಲ್ಲಿಸಿ, ಬಾಗಿಲು ಸದ್ದಾಗದಂತೆ ತೆಗೆದು, ಒಳಗೆ ಹೋಗಿ ಡಾಕ್ಟರಮ್ಮನನ್ನೇ ಕರೆತಂದೆ. ಆಕೆ ಕಿಟಕಿಯಿಂದ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೆಲ್ಲಗೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಪಟ್ಟಿ ಬಿಗಿದಾಗ ಇವರು "ಕನ್ನಡಿ ನೋಡು" ಎಂದು ಕನವರಿಸಿ ಮತ್ತೆ ಮಲಗಿದರು. ಮುಳ್ಳು ನೋಡಿದ ಡಾಕ್ಟರಮ್ಮನ ಮುಖ ಇಷ್ಟಗಲವಾಯಿತು.

"ನಿದ್ದೇಲಿ ನೋಡಿದ್ದು ಲೆಕ್ಕಕ್ಕಿಲ್ಲ ಆಂಟಿ. ಎಬ್ಬಿಸಿ, ಒಳಗೆ ಕರ್ಕೊಂಡು ಬನ್ನಿ."

ಇವರು ಎದ್ದು ಒಳಗೆ ಬಂದ ಮೇಲೆ, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದಳು. ಒಂಚೂರು ಏರಿತ್ತು, ಆದರೆ ಸಹಿಗೆ ಅಡ್ಡಿಯಿರಲಿಲ್ಲ. ಸರ್ಟಿಫಿಕೇಟನ್ನು ಕೈಗೆ ಕೊಡುತ್ತಾ, "ಮಾತ್ರೆ, ನಡಿಗೆ ಯಾವುದೂ ನಿಲ್ಲಿಸಬೇಡಿ ಸರ್" ಎಂದಳು. ಇವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಕಣ್ಣು ಬೇರೆ ಕಡೆ ತಿರುಗಿಸಿ ಮೂಗು ಒರೆಸಿಕೊಂಡರು.

ಹೊರಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಕಾರಿನ ಸುತ್ತ ಒಂದು ಸುತ್ತು ಹಾಕಿದ್ದು. ಮುಂದೆ ಬಗ್ಗಿ, ಹಿಂದೆ ಬಗ್ಗಿ, ಎರಡೂ ಕಡೆ ಎಷ್ಟು ಜಾಗ ಬಿಟ್ಟಿದ್ದೇನೆಂದು ನೋಡಿದರು. ತಪ್ಪು ಹುಡುಕಿದರು, ಸಿಗಲಿಲ್ಲ. ಆಮೇಲೆ ನನ್ನ ಪಾದಗಳನ್ನೇ ದಿಟ್ಟಿಸಿ, "ಆವತ್ತು ಸಿಗ್ನಲ್ಲಲ್ಲಿ... ಅಮ್ಮನ ಕಪ್ಪು ಕನ್ನಡಕ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಹೂಂ. ನಾನೇ."

ಏನಾದರೂ ಹೇಳುತ್ತಾರೆ ಎಂದು ಕಾದೆ. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ನಿಮಿಷ ಏನು ದೊಡ್ಡದು? ಅವರು ಪಕ್ಕದ ಸೀಟಿನಲ್ಲಿ ಕೂತರು. ಚಪ್ಪಲಿ ಎರಡನ್ನೂ ಬಿಚ್ಚಿ ಪಕ್ಕಕ್ಕಿಟ್ಟರು. ಸೀಟನ್ನು ಹಿಂದಕ್ಕೆ ಸರಿಸಿದರು. ಬ್ರೇಕು ಕಾಲಿಗೆ ಎಟುಕದಷ್ಟು ಹಿಂದಕ್ಕೆ. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿದರು:

"ಮನೆ ಬಂದಾಗ ಎಬ್ಬಿಸು."